ದೂರಕ್ಕೆ ತಕ್ಕ ನೆಂಟಸ್ತನ

ನಮ್ಮ ಚಿತ್ರದುರ್ಗ ಜಿಲ್ಲೆಗೆ ವಿಮಾನವೇ ಬರುವುದಿಲ್ಲ ಎಂದು ಯಾರಾದರೂ ಹಂಗಿಸಿದರೆ ನಾನು ಸುಮ್ಮನಿರುವುದಿಲ್ಲ. ಬರುತ್ತದೆ ಸ್ವಾಮಿ, ಬರುತ್ತದೆ. ಅದರೊಳಗೆ ಮನುಷ್ಯರು ಇರುವುದಿಲ್ಲ, ಅಷ್ಟೆ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಒದವರ ವೈಮಾನಿಕ ಪರೀಕ್ಷಾ ವಲಯವಿದೆ. 2017ರಲ್ಲಿ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ ಅಚ್ಚುಕಟ್ಟಾದ ರನ್‌ವೇ. ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ಇಳಿಸಿ ನೋಡುವುದಕ್ಕೆಂದೇ ಮಾಡಿದ್ದು. 2023ರ ಏಪ್ರಿಲ್ 2ರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಅಲ್ಲಿಂದ ಚಿನೂಕ್ ಹೆಲಿಕಾಪ್ಟರೊಂದು ಇಸ್ರೋದವರ ರೆಕ್ಕೆ ಇರುವ ಬಾಹ್ಯಾಕಾಶ ವಾಹನವನ್ನು ಹೊಟ್ಟೆಗೆ ನೇತುಹಾಕಿಕೊಂಡು ಎದ್ದಿತು. ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ವಾಹನ ತನ್ನ ದಾರಿ ತಾನೇ ಹುಡುಕಿಕೊಂಡು 7 ಗಂಟೆ 40ಕ್ಕೆ ರನ್‌ವೇ ಮೇಲೆ ಬಂದಿಳಿಯಿತು. ಮರುವರ್ಷ ಮಾರ್ಚಿನಲ್ಲಿ ಮತ್ತು ಜೂನಿನಲ್ಲಿ 'ಪುಷ್ಪಕ್' ಎಂಬ ಹೆಸರಿನಲ್ಲಿ ಮತ್ತೆ ಇಳಿಯಿತು. ರಾಮಾಯಣದ ಪುಷ್ಪಕದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತಂತೆ. ನಮ್ಮ ಜಿಲ್ಲೆಯ ಪುಷ್ಪಕದಲ್ಲಿ ಮೊದಲನೆಯವರಿಗೇ ಜಾಗವಿಲ್ಲ.

ಹಿರಿಯೂರು ಸೀಮೆಗೂ ಆಕಾಶದ ಅನುಗ್ರಹ ಆಗಿದೆ. 2023ರ ಆಗಸ್ಟಿನಲ್ಲಿ 'ತಪಸ್' ಎಂಬ ಡ್ರೋನ್ ಪರೀಕ್ಷೆಯ ಹಾರಾಟದಲ್ಲಿ ಕೆಟ್ಟು ಆ ತಾಲ್ಲೂಕಿನ ವದ್ದಿಕೆರೆ ಬಳಿಯ ಹೊಲಕ್ಕೆ ಬಿದ್ದಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹಿಂದಿನವರು ಕಾಡಿಗೆ ಹೋಗಿ ತಪಸ್ಸು ಮಾಡುತ್ತಿದ್ದರು. ನಮ್ಮಲ್ಲಿ ತಪಸ್ಸೇ ಹೊಲಕ್ಕೆ ಬಂದು ಬಿದ್ದಿತು.

ಇಂಥ ಜಿಲ್ಲೆಯಲ್ಲಿ ಇದ್ದುಕೊಂಡು ಎರಡು ದೂರದ ವಿಮಾನ ನಿಲ್ದಾಣಗಳ ನಡುವಿನ ಅಂತರವನ್ನು ಬಾಯಿಪಾಠ ಹೇಳಬಲ್ಲ ಒಬ್ಬರಿದ್ದಾರೆ. ಅವರು ನನ್ನ ದೊಡ್ಡಮ್ಮ. ಹೊಸದುರ್ಗದ ಪಕ್ಕದ ತೆಂಗಿನ ತೋಟದ ಮನೆಯಲ್ಲಿ ಇರುತ್ತಾರೆ. ವಯಸ್ಸು ಎಂಬತ್ತು ದಾಟಿದೆ. ಕಿರಿಯ ಮಗ ಸ್ಯಾನ್‌ಫ್ರಾನ್ಸಿಸ್ಕೋದ ಹತ್ತಿರ ಎಲ್ಲೋ ಕೆಲಸದಲ್ಲಿದ್ದಾನೆ. ಬೆಂಗಳೂರಿಂದ ಅಲ್ಲಿಗೆ ಎಷ್ಟು ದೂರ ಎಂದು ಕೇಳಿದರೆ ದೊಡ್ಡಮ್ಮ ಎಲೆಗೆ ಸುಣ್ಣ ಹಚ್ಚುತ್ತಲೇ 'ಹದಿನಾಲ್ಕು ಸಾವಿರಕ್ಕೆ ಏಳು ಕಮ್ಮಿ' ಅನ್ನುತ್ತಾರೆ. ಸರಿಯಾಗಿಯೇ ಇದೆ: 13,993 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾ ಆ ದಾರಿಯಲ್ಲಿ ನೇರ ವಿಮಾನ ಬಿಟ್ಟಾಗ ಪೇಪರಿನಲ್ಲಿ ಬಂದ ಅಂಕಿ ಅದು. ತೋಟದಲ್ಲಿ ಎಷ್ಟು ತೆಂಗಿನ ಮರ ಇವೆ ಎಂದು ಕೇಳಿದರೆ ಮಾತ್ರ ಅವರು ಲೆಕ್ಕ ಹೇಳುವುದಿಲ್ಲ. ದೃಷ್ಟಿಯಾಗುತ್ತದಂತೆ.

ವೇಳೆಯ ವಿಷಯದಲ್ಲೂ ಅವರದು ಪಕ್ಕಾ ಸೂತ್ರ. ನಮ್ಮ ಗಂಟೆಯಲ್ಲಿ ಒಂದೂವರೆ ಕಳೆ, ಹಗಲಿದ್ದರೆ ರಾತ್ರಿ ಮಾಡು, ರಾತ್ರಿ ಇದ್ದರೆ ಹಗಲು ಮಾಡು. ಇದು ಚಳಿಗಾಲದ ಸೂತ್ರ. ಬೇಸಿಗೆ ಬಂದರೆ ಒಂದೂವರೆಯ ಬದಲು ಅರ್ಧ ಗಂಟೆ ಕಳೆಯಬೇಕು. ಮಾರ್ಚಿನಲ್ಲೊಮ್ಮೆ ನವೆಂಬರಿನಲ್ಲೊಮ್ಮೆ ಅಮೆರಿಕದವರು ಗಡಿಯಾರದ ಮುಳ್ಳು ತಿರುಗಿಸುವುದನ್ನು ದೊಡ್ಡಮ್ಮ ಒಪ್ಪಿಲ್ಲ. 'ಸೂರ್ಯ ಹುಟ್ಟೋದು ಅವನಿಷ್ಟ, ಮುಳ್ಳು ಇವರಿಷ್ಟ. ಆಮೇಲೆ ನನ್ ಮಗ ಮಲಗಿದ್ದಾಗ ನಾನು ಫೋನ್ ಮಾಡಿದೆ ಅಂತಾರೆ' ಎನ್ನುವುದು ಅವರ ತಕರಾರು.

ಆ ಮೊದಲ ನೇರ ವಿಮಾನದ ಕಥೆಯನ್ನು ಅವರಿಗೆ ಓದಿ ಹೇಳಿದವನು ನಾನೇ. ಜನವರಿ 9ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೋ ಬಿಟ್ಟು ಉತ್ತರ ಧ್ರುವದ ಮೇಲಿನ ದಾರಿ ಹಿಡಿದು ಹದಿನೇಳು ಗಂಟೆಗೂ ಹೆಚ್ಚು ಹೊತ್ತು ಹಾರಿ ಅದು ಬೆಂಗಳೂರಿಗೆ ಬಂದದ್ದು 11ರ ನಸುಕಿನಲ್ಲಿ. ಬೋಯಿಂಗ್ 777 ವಿಮಾನ. ನಡೆಸಿದವರೆಲ್ಲ ಹೆಣ್ಣುಮಕ್ಕಳು, ಅವರ ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ದೊಡ್ಡಮ್ಮ ಇಷ್ಟನ್ನೂ ಕೇಳಿ ಎರಡು ಪ್ರಶ್ನೆ ಎತ್ತಿದರು. ಒಂದು: 'ಒಂಬತ್ತಕ್ಕೆ ಹತ್ತಿ ಹನ್ನೊಂದಕ್ಕೆ ಇಳಿದರೆ ಹತ್ತನೇ ತಾರೀಖು ಎಲ್ಲಿ ಹೋಯ್ತು? ಅವತ್ತು ಯಾರದಾದರೂ ತಿಥಿ ಇದ್ದರೆ?' ಎರಡನೆಯದು ಇನ್ನೂ ಗಂಭೀರ. 'ಬಡಗಣ ತುದೀಲಿ ಮೇರು ಪರ್ವತ ಐತಲ್ಲಪ್ಪಾ. ಅದರ ಮೇಲೆ ಹಾಯ್ದು ಬಂದರೆ ದೇವರುಗಳ ತಲೆ ಮೇಲೆ ಬಂದಂಗೆ ಆಗಲ್ವಾ?' ಸೂರ್ಯಸಿದ್ಧಾಂತವನ್ನು ಬರೆದವರೂ ಮೇರುವನ್ನು ಉತ್ತರ ಧ್ರುವದಲ್ಲೇ ಇಟ್ಟಿದ್ದರಿಂದ ನಾನು ಬಾಯಿ ಬಿಡುವ ಹಾಗಿರಲಿಲ್ಲ.

ಅಮೆರಿಕಕ್ಕೆ ಹೋಗುವಾಗ ಈ ತಾರೀಖಿನ ಸಾಲ ತೀರುತ್ತಿತ್ತು. ಆ ನೇರ ವಿಮಾನದಲ್ಲಿ ಮಧ್ಯಾಹ್ನ ಬೆಂಗಳೂರು ಬಿಟ್ಟವನು ಹದಿನಾರು ಗಂಟೆ ಹಾರಿ ಅದೇ ತಾರೀಖಿನ ಸಂಜೆಗೆ ಅಲ್ಲಿ ಇಳಿಯುತ್ತಿದ್ದ. ದೊಡ್ಡಮ್ಮನ ಮಗ, ಅಂದರೆ ನನ್ನ ತಮ್ಮ, ಇಳಿದ ಕೂಡಲೇ ಫೋನ್ ಮಾಡಿ 'ಅಣ್ಣ, ಇನ್ನೂ ಇವತ್ತೇ ಇದೆ' ಅನ್ನುತ್ತಿದ್ದ. ಇಲ್ಲಿ ನಾವು ಆಗಲೇ ನಾಳೆಯ ಕಾಫಿಗೆ ಹಾಲು ಕಾಯಿಸುತ್ತಿದ್ದೆವು.

ವಿಮಾನ ಪೂರ್ವಕ್ಕೋ ಪಶ್ಚಿಮಕ್ಕೋ ನೆಟ್ಟಗೆ ಹೋಗುವುದು ಬಿಟ್ಟು ಧ್ರುವಕ್ಕೇಕೆ ಹತ್ತಬೇಕು? ಇದನ್ನು ಮನೆಮಂದಿಗೆ ಬಿಡಿಸಿ ಹೇಳಿದ್ದು ತಮ್ಮನ ಮಗಳು. ಸಿಪ್ಪೆ ಸುಲಿದು ನಾರು ಹೆರೆದ ಒಂದು ತೆಂಗಿನಕಾಯಿ ತೆಗೆದುಕೊಂಡು ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಎರಡು ಚುಕ್ಕೆ ಇಟ್ಟಳು. ಬೆಂಗಳೂರು ಸಮಭಾಜಕದಿಂದ 13 ಡಿಗ್ರಿ ಉತ್ತರಕ್ಕೆ, ಸ್ಯಾನ್‌ಫ್ರಾನ್ಸಿಸ್ಕೋ ಸುಮಾರು 38 ಡಿಗ್ರಿ ಉತ್ತರಕ್ಕೆ. ಭೂಮಿಯ ಸುತ್ತಳತೆಯಲ್ಲಿ ಒಂದು ಈ ಮಗ್ಗುಲಾದರೆ ಇನ್ನೊಂದು ಹೆಚ್ಚುಕಡಿಮೆ ಆ ಮಗ್ಗುಲು. ಎರಡು ಚುಕ್ಕೆಗೂ ಹೂ ಕಟ್ಟುವ ದಾರ ಹಿಡಿದು ಬಿಗಿಯಾಗಿ ಎಳೆದಾಗ ದಾರ ಕಾಯಿಯ ಹೊಟ್ಟೆ ಬಳಸುವುದನ್ನು ಬಿಟ್ಟು ಜುಟ್ಟಿನ ಕಡೆಗೆ ಜಾರಿತು. 'ನೋಡಿ ದೊಡ್ಡಪ್ಪ, ಗುಂಡಗಿರೋದರ ಮೇಲೆ ಇದೇ ಹತ್ತಿರದ ದಾರಿ' ಎಂದಳು. ದೊಡ್ಡಮ್ಮನಿಗೂ ಅರ್ಥವಾಯಿತು. ಸಂಜೆ ಆ ಕಾಯಿಯನ್ನು ಒಡೆದು ಚಟ್ನಿ ಮಾಡುವಾಗ ಅಮೆರಿಕದ ಹೋಳನ್ನು ಮೊಮ್ಮಗಳಿಗೇ ತಿನ್ನಲು ಕೊಟ್ಟರು.

ದೂರ ಒಂದೇ ಆದರೂ ಹೋಗಲು ಒಂದು ಸಮಯ, ಬರಲು ಇನ್ನೊಂದು. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎನ್ನುವ ಬಿರುಗಾಳಿಯ ಹೊಳೆ ಹರಿಯುತ್ತದೆ. ಕೆಲವು ಕಡೆ ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮೀರಿದ ಸೆಳೆತ. ಪೆಸಿಫಿಕ್ ಸಾಗರದ ಮೇಲೆ ಪೂರ್ವಕ್ಕೆ ಹೋಗುವ ವಿಮಾನವನ್ನು ಅದು ಬೆನ್ನು ತಟ್ಟಿ ನೂಕುತ್ತದೆ, ಎದುರು ಬಂದವರನ್ನು ತಡೆಯುತ್ತದೆ. ಇದನ್ನು ದುರ್ಗದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಜೋಗಿಮಟ್ಟಿಯ ಸಾಲುಬೆಟ್ಟಗಳ ಮೇಲೆ ಕರೆಂಟು ತೆಗೆಯುವ ಬಿಳಿಯ ಫ್ಯಾನುಗಳು ತಿರುಗುವುದನ್ನು ನೋಡಿ ಆಷಾಢ ಬಂತೆಂದು ತಿಳಿಯುವವರು ನಾವು. ಆಷಾಢದಲ್ಲಿ ಮೋಟರ್ ಬೈಕಿನಲ್ಲಿ ಹೊಳಲ್ಕೆರೆ ಕಡೆಯಿಂದ ದುರ್ಗಕ್ಕೆ ಬರುವವನು ರಾಜನ ಹಾಗೆ ಬರುತ್ತಾನೆ. ವಾಪಸ್ ಹೋಗುವಾಗ ಟವೆಲ್ಲು ಕಿವಿಗೆ ಕಟ್ಟಿಕೊಂಡು ಬಗ್ಗಿ ಹೋಗುತ್ತಾನೆ.

ಆದರೆ ವಿಮಾನದ ವೇಳಾಪಟ್ಟಿ ಹೇಳುವುದು ಒಂದು ನಿಲ್ದಾಣದ ಬಾಗಿಲಿಂದ ಇನ್ನೊಂದರ ಬಾಗಿಲಿನವರೆಗಿನ ಕಥೆ ಮಾತ್ರ. ಬಾಗಿಲು ತಲುಪುವ ಸಂಕಟ ಅದರಲ್ಲಿ ಎಲ್ಲೂ ಇರುವುದಿಲ್ಲ. ಈ ಪಾಠ ನಮ್ಮ ಕಡೆಯವರಿಗೆ ರೈಲಿನ ಕಾಲದಿಂದಲೂ ಆಗಿದೆ. ಬೆಂಗಳೂರು-ಹುಬ್ಬಳ್ಳಿ ಮಾರ್ಗದಲ್ಲಿ 'ಹೊಸದುರ್ಗ ರೋಡ್' ಎಂಬ ಸ್ಟೇಷನ್ನಿದೆ. ಹೊಸಬರು ಇಳಿದು ಹೊಸದುರ್ಗ ಎಲ್ಲಿ ಎಂದು ಕೇಳುತ್ತಾರೆ. ರೋಡ್ ತೋರಿಸುತ್ತಾರೆ. ಊರು ಬಹಳ ಮುಂದಿದೆ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದಾಗ ಬೆಂಗಳೂರಿನವರು ಅಷ್ಟು ದೂರವೇ ಎಂದು ಗೋಳಾಡಿದರು. ನಾವು ನಕ್ಕೆವು. ಅವರಿಗೆ ವಿಮಾನದ ಜೊತೆ ಒಂದು 'ರೋಡ್' ಸಿಕ್ಕಿತ್ತು.

ತಮ್ಮ ಹೊರಡುವ ದಿನ ಹೊಸದುರ್ಗದಿಂದ ಬಾಡಿಗೆ ಕಾರು ಹಿರಿಯೂರಿಗೆ ಬರುತ್ತದೆ. ನಾನು ದುರ್ಗದಿಂದ ಬಸ್ಸಿನಲ್ಲಿ ಹೋಗಿ ಅಲ್ಲಿ ಸೇರಿಕೊಳ್ಳುತ್ತೇನೆ. ಕಳಿಸಿಕೊಡುವವರು ಇಷ್ಟೊಂದು ಜನ ಯಾಕೆ ಎಂದು ಅವನು ಪ್ರತಿಸಲ ಕೇಳುತ್ತಾನೆ, ನಾವು ಪ್ರತಿಸಲ ಹೋಗುತ್ತೇವೆ. ಶಿರಾ, ತುಮಕೂರು ದಾಟಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಬೇಕು. ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರಿನ ಟ್ರಾಫಿಕ್ಕಿನ ಗಾಳಿಯೂ ಸೋಕುವುದಿಲ್ಲ. ಮೂರು ಗಂಟೆ ಮುಂಚೆ ಬನ್ನಿ ಅನ್ನುತ್ತಾರೆ ವಿಮಾನದವರು. ನಮ್ಮವರು ಅದಕ್ಕೆ ಪಂಚರ್‌ಗೆಂದು ಒಂದು ಗಂಟೆ, ರಾಹುಕಾಲಕ್ಕೆಂದು ಒಂದೂವರೆ ಗಂಟೆ ಸೇರಿಸುತ್ತಾರೆ. ಅಷ್ಟು ಬೇಗ ಹೋದ ಮೇಲೆ ಬಾಗಿಲಿನ ಪೊಲೀಸು ಟಿಕೆಟ್ ಇದ್ದವರನ್ನು ಮಾತ್ರ ಒಳಗೆ ಬಿಡುತ್ತಾನೆ. ಟಿಕೆಟ್ ಇಲ್ಲದ ನಾವು ಗಾಜಿನ ಈಚೆ ನಿಂತು ಅವನು ಯಾವ ಸಾಲಿನಲ್ಲಿ ನಿಂತ, ಸಾಲು ಎಷ್ಟು ಮುಂದೆ ಹೋಯಿತು ಎಂದು ಕಾಮೆಂಟರಿ ಹೇಳಿಕೊಳ್ಳುತ್ತೇವೆ.

ಅದಕ್ಕೂ ಮೊದಲು ತೂಕದ ಅಧ್ಯಾಯವಿದೆ. ಒಂದು ಸೂಟ್‌ಕೇಸಿಗೆ 23 ಕಿಲೋ. ಭೀಮಸಮುದ್ರದ ಅಡಿಕೆ ವ್ಯಾಪಾರದ ನೆಂಟರೊಬ್ಬರು ತಕ್ಕಡಿ ತಂದುಕೊಡುತ್ತಾರೆ. ಅಡಿಕೆ ಮೂಟೆ ತೂಗಿ ಪಳಗಿದ ಅವರು ಸೂಟ್‌ಕೇಸಿಗೂ ಗೋಣಿಚೀಲದ ತೂಕ ಕಳೆಯಲು ನೋಡುತ್ತಾರೆ. ಶೇಂಗಾ ಚಟ್ನಿಪುಡಿ, ರಾಗಿಹಿಟ್ಟು, ಗುರೆಳ್ಳು ಪುಡಿ, ಮಾವಿನ ಮಿಡಿಯ ಉಪ್ಪಿನಕಾಯಿ ಒಂದೊಂದಾಗಿ ಏರುತ್ತವೆ, ಒಂದೊಂದಾಗಿ ಇಳಿಯುತ್ತವೆ. ಕೊನೆಗೆ ದೊಡ್ಡಮ್ಮ ಅಟ್ಟದಿಂದ ಉಂಡೆಕೊಬ್ಬರಿ ಇಳಿಸುತ್ತಾರೆ. ವರ್ಷದ ಹತ್ತಿರ ಅಟ್ಟದ ಮೇಲೆ ಕೂತು ಒಳಗಿನ ನೀರೆಲ್ಲ ಇಂಗಿ ಅಲುಗಿಸಿದರೆ ಗಡಗಡ ಅನ್ನುವ ಕೊಬ್ಬರಿ. ಅದು ಮಾತ್ರ ಆಗುವುದಿಲ್ಲ ಎಂದು ತಮ್ಮ ಕೈಮುಗಿಯುತ್ತಾನೆ. ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ನಂಬರೇ ಇದೆ. ಎಣ್ಣೆ ಜಾಸ್ತಿ ಇರುವುದರಿಂದ ತಾನಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಗುಂಪಿಗೆ ಅದನ್ನು ಸೇರಿಸಿದ್ದಾರೆ. ದೊಡ್ಡಮ್ಮ ಅಟ್ಟದ ಕಡೆ ನೋಡಿ, 'ಅರವತ್ತು ವರ್ಷದಿಂದ ಬಾಂಬಿನ ಕೆಳಗೆ ಮಲಗಿದ್ದೀನಲ್ಲೋ' ಅಂದರು.

ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣವಾಗಿ 2023ರ ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನ ಶುರುವಾದಾಗ ಹೊಳಲ್ಕೆರೆಯ ನೆಂಟರು ಹೊಸ ಲೆಕ್ಕ ತೆಗೆದರು. ಹೊಳಲ್ಕೆರೆಯಿಂದ ಪಶ್ಚಿಮಕ್ಕೆ ಶಿವಮೊಗ್ಗಕ್ಕೆ ಹೋಗುವುದು, ಅಲ್ಲಿ ವಿಮಾನ ಹತ್ತಿ ಆಗ್ನೇಯಕ್ಕೆ ದೇವನಹಳ್ಳಿಗೆ ಹಾರುವುದು, ಅಲ್ಲಿಂದ ಅಮೆರಿಕಕ್ಕೆ. ಕೂಡಿ ಕಳೆದು ನೋಡಿದರೆ ಕಾರಿನಲ್ಲೇ ನೆಟ್ಟಗೆ ಹೋಗುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. 'ಹಿಡಿದರೆ ಹಿಡೀಲಿ ಬಿಡಿ, ಎರಡು ಸಲ ಹಾರಿದಂಗೆ ಆಗ್ತದೆ' ಅಂದರು ಅವರು.

ಪ್ರಯಾಣದ ಕಾಲವನ್ನು ಲೆಕ್ಕ ಇಡುವ ಚಾಳಿ ನಮ್ಮ ಸೀಮೆಗೆ ಹೊಸದೇನಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನದಲ್ಲಿ 256 ಎಂಬ ಅಂಕಿ ಬರುತ್ತದೆ. ಸಂಚಾರದಲ್ಲಿ ಕಳೆದ ರಾತ್ರಿಗಳ ಸಂಖ್ಯೆ ಅದು ಎಂದು ಅನೇಕ ವಿದ್ವಾಂಸರು ಅರ್ಥ ಮಾಡಿದ್ದಾರೆ. ದುರ್ಗದ ಕೋಟೆಯ ಬುಡದ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ರೋಮಿನ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿತು. ಆ ಕಾಲದ ರೋಮನ್ ವ್ಯಾಪಾರದ ಹಡಗುಗಳು ನೈರುತ್ಯ ಮಾನ್ಸೂನಿನ ಗಾಳಿ ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ವ್ಯಾಪಾರಿಗಳು ಬಂದದ್ದೇನೋ ಬಂದರು, ಹೋಗಬೇಕಾದರೆ ಗಾಳಿ ತಿರುಗಬೇಕು. ಚಳಿಗಾಲಕ್ಕೆ ಈಶಾನ್ಯದ ಗಾಳಿ ಎದ್ದ ಮೇಲೆ ತಾನೆ ಹಾಯಿ ಬಿಚ್ಚುವುದು? ಅಲ್ಲಿಯವರೆಗೆ ವ್ಯಾಪಾರ ಮುಗಿದಿರಲಿ ಬಿಡಲಿ, ಇಲ್ಲೇ ಇರಬೇಕು, ಇಲ್ಲಿಯ ಅಕ್ಕಿ ಉಣ್ಣಬೇಕು, ಇಲ್ಲಿಯವರ ಜೊತೆ ನಾಲ್ಕು ಮಾತಾಡಬೇಕು.

ನಮ್ಮ ದೊಡ್ಡಮ್ಮನ ತವರಿನ ಪ್ರಯಾಣಕ್ಕೂ ಅದೇ ಕಾಯಿದೆ ಇತ್ತು. ಹೊಸದುರ್ಗದಿಂದ ಹೊಳಲ್ಕೆರೆ ಸುಮಾರು 35 ಕಿಲೋಮೀಟರ್. ಎತ್ತಿನ ಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಕಿ, ಮಕ್ಕಳನ್ನು ಕೂರಿಸಿಕೊಂಡು ಕೋಳಿ ಕೂಗುವ ಹೊತ್ತಿಗೆ ಹೊರಟರೆ ಹೊಳಲ್ಕೆರೆಯ ಬಯಲು ಗಣಪತಿಗೆ ಕೈಮುಗಿಯುವಾಗ ದೀಪ ಹಚ್ಚುವ ಹೊತ್ತು. ಗಾಡಿ ಮಾರನೇ ದಿನ ಎತ್ತುಗಳ ಜೊತೆ ವಾಪಸ್ ಹೋಗಿಬಿಡುತ್ತಿತ್ತು. ಅಲ್ಲಿ ಹೊಲದ ಕೆಲಸ ಮುಗಿದು ಎತ್ತಿಗೆ ಬಿಡುವಾದಾಗ ಮತ್ತೆ ಬರಬೇಕು. ಅದು ಒಂದು ತಿಂಗಳೂ ಆಗಬಹುದು, ಮಳೆ ಹಿಡಿದರೆ ಇನ್ನೂ ಹೆಚ್ಚಾಗಬಹುದು. ಬೇಸಿಗೆ ರಜಕ್ಕೆ ನಾವೂ ಅದೇ ಅಜ್ಜಿ ಮನೆಗೆ ಹೋಗುತ್ತಿದ್ದುದರಿಂದ ಗಾಡಿ ತಡವಾಗಲಿ ಎಂದು ಮಕ್ಕಳೆಲ್ಲ ಆ ಗಣಪತಿಗೇ ಹರಕೆ ಹೊರುತ್ತಿದ್ದೆವು. ಬಸ್ಸು ಬಂದ ಮೇಲೆ ದೊಡ್ಡಮ್ಮನ ತಿಂಗಳು ಒಂದು ವಾರವಾಯಿತು. ಮನೆಗೆ ಕಾರು ಬಂದ ಮೇಲೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟ ಮುಗಿಸಿ ಸಂಜೆಯ ಹಾಲು ಕರೆಯುವ ಹೊತ್ತಿಗೆ ವಾಪಸ್. ದಾರಿ ಬೇಗ ಸವೆದಷ್ಟೂ ಇರುವ ದಿನಗಳು ಅದಕ್ಕಿಂತ ಬೇಗ ಸವೆದವು.

ಈಗ ತಮ್ಮ ಊರಿಗೆ ಬರುವ ಮುಂಚೆಯೇ ಹೋಗುವ ಟಿಕೆಟ್ ಆಗಿರುತ್ತದೆ. ಎರಡೂ ಒಟ್ಟಿಗೆ ತೆಗೆದರೆ ಅಗ್ಗ. ಎರಡು ವಾರದ ರಜ. ಮೊದಲ ವಾರ ಅವನ ಕುಟುಂಬದವರು ನಡುರಾತ್ರಿ ಎದ್ದು ಕೂರುತ್ತಾರೆ, ನಡುಮಧ್ಯಾಹ್ನ ಮಲಗುತ್ತಾರೆ. ತಿಂಡಿ ಮಾಡಿಟ್ಟು ದೊಡ್ಡಮ್ಮ ಬಾಗಿಲ ಹತ್ತಿರ ಓಡಾಡುತ್ತಾರೆ. ಎರಡನೇ ವಾರ ಬೆಂಗಳೂರಿನ ಮಾವನ ಮನೆ, ಬ್ಯಾಂಕು, ಹಲ್ಲಿನ ಡಾಕ್ಟರು. ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬೀಳುವುದನ್ನು ನೋಡಬೇಕೆಂಬುದು ಅವನ ಬಾಲ್ಯದ ಆಸೆ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದು ಆಮೇಲೆ ನಮ್ಮನ್ನೆಲ್ಲ 89 ವರ್ಷ ಕಾಯಿಸಿತು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಅವನು ಅಮೆರಿಕದಲ್ಲಿದ್ದ; ಫೋನಿನಲ್ಲಿ ತೋರಿಸಿದೆವು, ನೀರಿಗಿಂತ ಜನರ ತಲೆಯೇ ಹೆಚ್ಚು ಕಂಡಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಅವನು ರಜ ಮುಗಿಸಿ ವಿಮಾನ ಹತ್ತಿದ ವಾರವೇ. 'ಇನ್ನೊಂದು ವಾರ ಇದ್ದಿದ್ರೆ' ಎಂದು ನಾನು ಅಂದೆ. ನೀರಿಗೆ ರಿಟರ್ನ್ ಟಿಕೆಟ್ ಇರುವುದಿಲ್ಲವಲ್ಲ, ಅದು ತನಗೆ ತೋಚಿದಾಗ ಬರುತ್ತದೆ.

ಹೋದ ಸಲ ಅವನು ಹೊರಡುವ ಹಿಂದಿನ ರಾತ್ರಿ ಊಟವಾದ ಮೇಲೆ ನಾನು ಪೆನ್ನು ಕಾಗದ ಹಿಡಿದೆ. ದೊಡ್ಡಮ್ಮ 35 ಕಿಲೋಮೀಟರ್ ಬಂದರೆ ಒಂದು ತಿಂಗಳು ಇರುತ್ತಿದ್ದರು. ಆ ದರದಲ್ಲಿ 14,000 ಕಿಲೋಮೀಟರಿಗೆ 400 ತಿಂಗಳು. ಅಂದರೆ ಮೂವತ್ತಮೂರು ವರ್ಷ ನಾಲ್ಕು ತಿಂಗಳು ತಮ್ಮ ಈ ಮನೆಯಲ್ಲಿ ನೆಂಟನಾಗಿ ಇರತಕ್ಕದ್ದು. ಅವನು ಬಿದ್ದು ಬಿದ್ದು ನಕ್ಕ. 'ಅಷ್ಟು ರಜ ಕೊಟ್ಟರೆ ನನ್ನ ಮನೆ ಸಾಲವೂ ತೀರಿರುತ್ತದೆ ಅಣ್ಣ' ಅಂದ. ಆಮೇಲೆ ನಗು ನಿಲ್ಲಿಸಿ, ಆಫೀಸು, ಮಗಳ ಸ್ಕೂಲು, ವೀಸಾ ಎಂದು ಒಂದೊಂದೇ ಕಾರಣ ಎಣಿಸಿದ. ಎಲ್ಲವೂ ನಿಜವಾದ ಕಾರಣಗಳೇ. ಮುಂದಿನ ಸಲ ಇನ್ನೂ ವೇಗದ ವಿಮಾನ ಬರಬಹುದು, ಆಗ ವರ್ಷಕ್ಕೆ ಎರಡು ಸಲ ಬಂದು ಹೋಗುತ್ತೇನೆ ಎಂದೂ ಸಮಾಧಾನ ಹೇಳಿದ.

ಅಷ್ಟು ಹೊತ್ತೂ ಸುಮ್ಮನೆ ಕೇಳುತ್ತಿದ್ದ ದೊಡ್ಡಮ್ಮ ಎಲೆ ಅಡಿಕೆಯ ಚೀಲದ ದಾರ ಬಿಗಿದರು.

'ಬ್ಯಾಡ ಕಣಪ್ಪಾ, ಇನ್ನೂ ಬಿರ್ರನೆ ಬರಬ್ಯಾಡ' ಅಂದರು. 'ಮುಂದಿನ ಸಲ ಗಾಡೀಲಿ ಬಾ. ಎತ್ತಿಗೆ ಹುಲ್ಲು ನಾನು ನೋಡ್ಕೋತೀನಿ.'